ಸಕ್ಕರೆ ಪಾನೀಯ ತೆರಿಗೆ: ಬಾಗಲಕೋಟೆ ಜಿಲ್ಲೆಯ ಕಬ್ಬಿನ ತಾಲ್ಲೂಕುಗಳಲ್ಲಿ

ಸಕ್ಕರೆ ಬೆರೆಸಿದ ತಂಪು ಪಾನೀಯಗಳ ಮೇಲೆ ಸರ್ಕಾರ ಹಾಕುವ ವಿಶೇಷ ತೆರಿಗೆಗೆ ಸಕ್ಕರೆ ಪಾನೀಯ ತೆರಿಗೆ ಎಂದು ಹೆಸರು. ಬೆಲೆ ಏರಿದರೆ ಜನ ಕೊಳ್ಳುವುದು ಕಡಿಮೆಯಾಗುತ್ತದೆ, ಕುಡಿಯುವುದು ಕಡಿಮೆಯಾದರೆ ಬೊಜ್ಜು, ಮಧುಮೇಹ, ಹಲ್ಲಿನ ಹುಳುಕು ಇಳಿಯುತ್ತವೆ ಎಂಬ ಎಣಿಕೆಯ ಮೇಲೆ ಇದು ನಿಂತಿದೆ. ಜಗತ್ತಿನ ನೂರಕ್ಕೂ ಹೆಚ್ಚು ದೇಶಗಳಲ್ಲಿ ಈ ಬಗೆಯ ತೆರಿಗೆ ಒಂದಲ್ಲ ಒಂದು ರೂಪದಲ್ಲಿ ಇದೆ. ಭಾರತದಲ್ಲಿ ಅದಕ್ಕೆ ಪ್ರತ್ಯೇಕ ಕಾಯ್ದೆ ಇಲ್ಲ. ಸರಕು ಮತ್ತು ಸೇವಾ ತೆರಿಗೆಯ (ಜಿಎಸ್‌ಟಿ) ಅತಿ ಎತ್ತರದ ದರವೇ ಆ ಕೆಲಸ ಮಾಡುತ್ತಿದೆ.

ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲ್ಲೂಕುಗಳಿಂದ ಈ ವಿಷಯವನ್ನು ನೋಡಲು ಒಂದು ಬಲವಾದ ಕಾರಣವಿದೆ. ಇಲ್ಲಿ ಸಕ್ಕರೆ ತಿನ್ನುವ ಪದಾರ್ಥವಷ್ಟೇ ಆಗಿ ಉಳಿದಿಲ್ಲ. ಹೊಲದ ಬೆಳೆ, ಕಾರ್ಖಾನೆಯ ಕೂಲಿ, ಸಹಕಾರಿ ಸಂಘದ ಸಾಲ, ಚುನಾವಣೆಯ ಮಾತು ಎಲ್ಲವೂ ಅದೇ. ಸಕ್ಕರೆಯ ಮೇಲೆ ತೆರಿಗೆ ಎಂದರೆ ಇಲ್ಲಿಯ ರೈತ ತನ್ನ ಮೇಲೆಯೇ ತೆರಿಗೆ ಎಂದುಕೊಳ್ಳುವುದು ಸಹಜ. ಅದೇ ರೈತನ ಮನೆಯಲ್ಲಿ ಒಬ್ಬರಿಗಾದರೂ ‘ಶುಗರ್’ ಇರುವುದು ಈಗ ಅಪರೂಪವಲ್ಲ.

ಕಬ್ಬು ಬಂದ ಬಗೆ

ಜಮಖಂಡಿ ಪಟವರ್ಧನರ, ಮುಧೋಳ ಘೋರ್ಪಡೆಯವರ ಸಂಸ್ಥಾನಗಳಾಗಿದ್ದ ಕಾಲಕ್ಕೆ ಈ ಸೀಮೆ ಹೆಚ್ಚಾಗಿ ಮಳೆಯನ್ನೇ ನಂಬಿದ ಜೋಳದ ನಾಡು. ಘಟಪ್ರಭೆಗೆ ಹಿಡಕಲ್‌ನಲ್ಲಿ ಅಣೆಕಟ್ಟು ಕಟ್ಟಿ ಕಾಲುವೆ ಹರಿಸಿದ ಮೇಲೆ ಮುಧೋಳದ ಕಡೆ ಹೊಲಗಳ ಬಣ್ಣ ಬದಲಾಯಿತು. ಕೃಷ್ಣೆಯ ದಂಡೆಯಲ್ಲಿ ನಡೆದದ್ದು ಇನ್ನೂ ಹೇಳಿಕೊಳ್ಳುವಂಥದು. ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ರೈತರು ತಾವೇ ವಂತಿಗೆ ಹಾಕಿ, ಶ್ರಮದಾನ ಮಾಡಿ, 1989ರಲ್ಲಿ ನದಿಗೆ ಬ್ಯಾರೇಜು ಕಟ್ಟಿಕೊಂಡರು. ‘ಶ್ರಮಬಿಂದು ಸಾಗರ’ ಎಂದು ಹೆಸರಾದ ಆ ಕೆಲಸದ ಮುಂದಾಳು ಸಿದ್ದು ನ್ಯಾಮಗೌಡರು 1991ರ ಲೋಕಸಭಾ ಚುನಾವಣೆಯಲ್ಲಿ ಮಾಜಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರನ್ನು ಸೋಲಿಸಿದರು. ಹಿರೇಪಡಸಲಗಿಯ ಜಮಖಂಡಿ ಶುಗರ್ಸ್ ಹುಟ್ಟಿದ್ದೂ ಅವರ ಮುಂದಾಳತ್ವದಲ್ಲೇ. ಹಿಪ್ಪರಗಿ ಬ್ಯಾರೇಜಿನಿಂದ ನೀರಾವರಿ ಮತ್ತಷ್ಟು ಹಬ್ಬಿತು. ಬೀಳಗಿಗೆ ಮಾತ್ರ ಕೃಷ್ಣೆ ಕೊಟ್ಟದ್ದರ ಜೊತೆಗೆ ಕಿತ್ತುಕೊಂಡದ್ದೂ ಇದೆ. ಆಲಮಟ್ಟಿಯ ಹಿನ್ನೀರು ಅಲ್ಲಿಯ ಊರುಗಳನ್ನೂ ಒಳ್ಳೆಯ ಭೂಮಿಯನ್ನೂ ನುಂಗಿತು.

ನೀರು ಬಂದಲ್ಲಿ ಕಬ್ಬು ಬಂತು, ಕಬ್ಬು ಬಂದಲ್ಲಿ ಕಾರ್ಖಾನೆ ಬಂತು. ಸೋಮೈಯ ಸಮೂಹದ ಸಮೀರವಾಡಿ ಕಾರ್ಖಾನೆ 1970ರ ದಶಕದ್ದು. ಆಮೇಲೆ ಮುಧೋಳದ ನಿರಾಣಿ ಶುಗರ್ಸ್, ಸಿದ್ದಾಪುರದ ಪ್ರಭುಲಿಂಗೇಶ್ವರ, ಉತ್ತೂರಿನ ಐಸಿಪಿಎಲ್, ಬಾಡಗಂಡಿಯ ಬೀಳಗಿ ಶುಗರ್ಸ್ ಒಂದರ ಹಿಂದೊಂದು ಬಂದವು. ತಿಮ್ಮಾಪುರದಲ್ಲಿ ರೈತರದ್ದೇ ಸಹಕಾರಿ ಕಾರ್ಖಾನೆ ಇದೆ. ಇಂದು ಜಿಲ್ಲೆಯಲ್ಲಿ ಹತ್ತಕ್ಕೂ ಹೆಚ್ಚು ಸಕ್ಕರೆ ಕಾರ್ಖಾನೆಗಳಿವೆ. ಬೆಲ್ಲದ ಮಾರುಕಟ್ಟೆಗೆ ಮಹಾಲಿಂಗಪುರದ ಹೆಸರು ಹಳೆಯದು. ರಬಕವಿ, ಬನಹಟ್ಟಿ, ತೇರದಾಳಗಳಲ್ಲಿ ನೇಕಾರಿಕೆಯೇ ಮುಖ್ಯ. ವಿದ್ಯುತ್ ಮಗ್ಗದ ಸದ್ದಿನ ನಡುವೆ ದಿನಕ್ಕೆ ನಾಲ್ಕೈದು ಸಲ ಚಹಾ ಇಳಿಯುವ ಊರುಗಳಿವು.

ಬೊಜ್ಜಿನ ಲೆಕ್ಕ

ದೇಹದ ತೂಕವನ್ನು (ಕಿಲೊಗ್ರಾಂ) ಎತ್ತರದ (ಮೀಟರ್) ವರ್ಗದಿಂದ ಭಾಗಿಸಿದಾಗ ಬರುವ ಸಂಖ್ಯೆ 25ಕ್ಕೆ ಮುಟ್ಟಿದರೆ ಅಧಿಕ ತೂಕ, 30ಕ್ಕೆ ಮುಟ್ಟಿದರೆ ಬೊಜ್ಜು ಎಂಬುದು ಅಂತಾರಾಷ್ಟ್ರೀಯ ಅಳತೆ. ಭಾರತೀಯರ ಮೈಯಲ್ಲಿ ಕೊಬ್ಬು ಹೊಟ್ಟೆಯ ಸುತ್ತ ಬೇಗ ಕೂಡುವುದರಿಂದ ಇಲ್ಲಿಯ ವೈದ್ಯರು 23 ಮತ್ತು 25ನ್ನೇ ಗಡಿಯಾಗಿ ಹಿಡಿಯುತ್ತಾರೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೆಯ ಸುತ್ತಿನಲ್ಲಿ (2015–16) ಕರ್ನಾಟಕದ ಮಹಿಳೆಯರಲ್ಲಿ ಶೇ 23ರಷ್ಟು, ಪುರುಷರಲ್ಲಿ ಶೇ 22ರಷ್ಟು ಮಂದಿ 25ರ ಗಡಿಯಲ್ಲಿ ಅಥವಾ ಅದರಾಚೆ ಇದ್ದರು. ಐದನೆಯ ಸುತ್ತಿಗೆ (2019–21) ಇಬ್ಬರಲ್ಲೂ ಅದು ಶೇ 30 ದಾಟಿತು. ನಾಲ್ಕೇ ವರ್ಷದಲ್ಲಿ ಇಷ್ಟು ಏರಿಕೆ ಸಣ್ಣದಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೇಶವ್ಯಾಪಿ ಅಧ್ಯಯನ 2023ರಲ್ಲಿ ಪ್ರಕಟವಾದಾಗ ದೇಶದಲ್ಲಿ ಮಧುಮೇಹಿಗಳು 10 ಕೋಟಿಗೂ ಹೆಚ್ಚು, ಮಧುಮೇಹದ ಹೊಸ್ತಿಲಲ್ಲಿರುವವರು 13 ಕೋಟಿಗೂ ಹೆಚ್ಚು ಎಂದು ತಿಳಿಯಿತು.

ಇದರ ಇನ್ನೊಂದು ಮಗ್ಗುಲನ್ನು ಮರೆತರೆ ಲೇಖನ ಅರೆಬರೆಯಾಗುತ್ತದೆ. ಅದೇ ಐದನೆಯ ಸಮೀಕ್ಷೆಯಲ್ಲಿ ರಾಜ್ಯದ ಐದು ವರ್ಷದೊಳಗಿನ ಮಕ್ಕಳಲ್ಲಿ ಮೂವರಿಗೊಬ್ಬರು ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಚಿಕ್ಕಂದಿನಲ್ಲಿ ಸೊರಗಿದ ಮೈ ದೊಡ್ಡದಾದ ಮೇಲೆ ಬೇಗ ಬೊಜ್ಜಿಗೂ ಮಧುಮೇಹಕ್ಕೂ ತುತ್ತಾಗುತ್ತದೆ ಎಂಬುದು ವೈದ್ಯಶಾಸ್ತ್ರ ಚೆನ್ನಾಗಿ ಅರಿತ ಸಂಗತಿ. ಹೀಗಾಗಿ ‘ನಮ್ಮ ಹಳ್ಳಿಯಲ್ಲಿ ಸಣಕಲು ಮಂದಿಯೇ ಹೆಚ್ಚು, ಬೊಜ್ಜಿನ ಚಿಂತೆ ಪೇಟೆಯವರದು’ ಎಂಬ ಮಾತು ಇಲ್ಲಿ ನಿಲ್ಲುವುದಿಲ್ಲ. ಎರಡೂ ಒಂದೇ ಓಣಿಯಲ್ಲಿ, ಕೆಲವೊಮ್ಮೆ ಒಂದೇ ಮನೆಯಲ್ಲಿ ಇವೆ.

ಬೊಜ್ಜಿಗೆ ಕಾರಣ ಬಾಟಲಿಯೊಂದೇ ಎಂದು ಯಾರೂ ಹೇಳುವುದಿಲ್ಲ. ಜೋಳದ ರೊಟ್ಟಿಯ ಜಾಗಕ್ಕೆ ಅನ್ನ ಬಂದಿದೆ, ಕರಿದ ಎಣ್ಣೆ ಹೆಚ್ಚಿದೆ, ಎತ್ತಿನ ಹಿಂದೆ ನಡೆಯುತ್ತಿದ್ದವರು ಟ್ರ್ಯಾಕ್ಟರ್ ಏರಿದ್ದಾರೆ, ಹೊಲಕ್ಕೆ ಹೋಗಲೂ ಬೈಕು. ಆದರೂ ಸಕ್ಕರೆ ನೀರಿಗೆ ಒಂದು ವಿಶೇಷ ದೋಷವಿದೆ. ಅಗಿದು ತಿಂದ ಅನ್ನ ಹೊಟ್ಟೆ ತುಂಬಿತೆಂದು ಹೇಳುತ್ತದೆ, ಕುಡಿದ ಸಕ್ಕರೆ ಅಷ್ಟು ಹೇಳುವುದಿಲ್ಲ; ಮುಂದಿನ ಊಟ ಕಡಿಮೆಯಾಗದೆ ಅದರ ಶಕ್ತಿ ಮೇಲೆ ಕೂಡುತ್ತದೆ. ದಿನದ ಆಹಾರಶಕ್ತಿಯಲ್ಲಿ ಬೆರೆಸಿದ ಸಕ್ಕರೆಯ ಪಾಲು ಶೇ 10ರೊಳಗೆ ಇರಲಿ, ಶೇ 5ಕ್ಕೆ ಇಳಿದರೆ ಇನ್ನೂ ಒಳಿತು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ಶೇ 5 ಎಂದರೆ ಸುಮಾರು 25 ಗ್ರಾಂ. ಕೋಲಾ ಪಾನೀಯದಲ್ಲಿ 100 ಮಿಲಿಗೆ 10–11 ಗ್ರಾಂ ಸಕ್ಕರೆ ಇರುವುದರಿಂದ ಕಾಲು ಲೀಟರಿನ ಒಂದು ಬಾಟಲಿಗೆ ಆ ದಿನದ ಲೆಕ್ಕ ಮುಗಿದಂತೆ.

ಜಿಎಸ್‌ಟಿಯ ಹಾದಿ

2014ರ ಜುಲೈ ಬಜೆಟ್‌ನಲ್ಲಿ ಆಗಿನ ಹಣಕಾಸು ಸಚಿವ ಅರುಣ್ ಜೇಟ್ಲಿಯವರು ಸಕ್ಕರೆ ಬೆರೆಸಿದ ಅನಿಲಯುಕ್ತ ಪಾನೀಯಗಳ ಮೇಲೆ ಶೇ 5ರ ಹೆಚ್ಚುವರಿ ಅಬಕಾರಿ ಸುಂಕ ಹಾಕಿದರು. 2015ರ ಡಿಸೆಂಬರ್‌ನಲ್ಲಿ ಜಿಎಸ್‌ಟಿ ದರಗಳನ್ನು ಸೂಚಿಸಲು ನೇಮಿಸಿದ್ದ ಅರವಿಂದ್ ಸುಬ್ರಮಣಿಯನ್ ಸಮಿತಿ ತಂಬಾಕು, ಐಷಾರಾಮಿ ಕಾರುಗಳ ಸಾಲಿನಲ್ಲಿ ಈ ಪಾನೀಯಗಳನ್ನೂ ಇಟ್ಟು ಶೇ 40ರ ದರ ಸೂಚಿಸಿತು. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಶೇ 28 ತೆರಿಗೆ, ಅದರ ಮೇಲೆ ಶೇ 12 ಪರಿಹಾರ ಸೆಸ್ ಕೂಡಿ ಅದೇ 40 ಆಯಿತು. 2025ರ ಸೆಪ್ಟೆಂಬರ್ 22ರಿಂದ ದರಗಳನ್ನು ಮರುಜೋಡಿಸಿದಾಗ ಸೆಸ್ ಹೋಗಿ ನೇರ ಶೇ 40 ಎಂದಾಯಿತು. ಬಾಟಲಿ ಕೊಳ್ಳುವವನ ಮಟ್ಟಿಗೆ ಎಂಟು ವರ್ಷ ಏನೂ ಬದಲಾಗಲಿಲ್ಲ.

ಬದಲಾದದ್ದು ಪಕ್ಕದ ಬಾಟಲಿಯ ಬೆಲೆ. ಅನಿಲ ಸೇರಿಸದ ಮಾವಿನ ಪಾನೀಯದಂಥ ಹಣ್ಣಿನ ರಸದ ಪಾನೀಯಗಳಿಗೆ ಮೊದಲು ಶೇ 12 ತೆರಿಗೆ ಇತ್ತು. ಈಗ ಶೇ 5. ಇವುಗಳಲ್ಲಿ ಹಲವಕ್ಕೆ ಕೋಲಾದಷ್ಟೇ, ಕೆಲವಕ್ಕೆ ಅದಕ್ಕಿಂತ ಹೆಚ್ಚು ಸಕ್ಕರೆ ಬೆರೆತಿರುತ್ತದೆ. ಮತ್ತೊಂದು ಕಡೆ, ಒಂದು ಗ್ರಾಂ ಸಕ್ಕರೆಯೂ ಇಲ್ಲದ, ಕೃತಕ ಸಿಹಿ ಹಾಕಿದ ಡಯಟ್ ಕೋಲಾಕ್ಕೂ ಶೇ 40. ಇದನ್ನು ಸಕ್ಕರೆ ತೆರಿಗೆ ಎಂದು ಕರೆಯುವುದು ಕಷ್ಟ. ಗುಳ್ಳೆಯ ತೆರಿಗೆ ಎಂದರೆ ಹೆಚ್ಚು ಸರಿ. ಸಕ್ಕರೆ ಕಡಿಮೆ ಮಾಡಿದ ಕಂಪನಿಗೆ ಒಂದು ಪೈಸೆಯ ಲಾಭವಿಲ್ಲದ ಮೇಲೆ ಅದೇಕೆ ಕಡಿಮೆ ಮಾಡೀತು? ಅದೇ ಬದಲಾವಣೆಯಲ್ಲಿ ಬಾಟಲಿ ನೀರಿನ ತೆರಿಗೆ ಶೇ 18ರಿಂದ 5ಕ್ಕೆ ಇಳಿದದ್ದು ಮಾತ್ರ ಆರೋಗ್ಯದ ದೃಷ್ಟಿಯಿಂದ ನಿಜಕ್ಕೂ ಒಳ್ಳೆಯ ಹೆಜ್ಜೆ. ರೈಲ್ವೆಯ ಒಂದು ಲೀಟರ್ ನೀರಿನ ಬಾಟಲಿ 15ರಿಂದ 14 ರೂಪಾಯಿಗೆ ಬಂತು.

ಬಿಸ್ಕತ್ತು, ಚಾಕಲೇಟು, ಐಸ್‌ಕ್ರೀಮುಗಳೂ ಆಗಲೇ ಶೇ 18ರಿಂದ 5ಕ್ಕೆ ಇಳಿದವು. ಅತಿಸಂಸ್ಕರಿತ ಆಹಾರಕ್ಕೆ ಹೆಚ್ಚು ತೆರಿಗೆ ಬೇಕೆಂದು ಕೇಂದ್ರದ ಆರ್ಥಿಕ ಸಮೀಕ್ಷೆ (2024–25) ಹೇಳಿ ಒಂದು ವರ್ಷವೂ ಆಗಿರಲಿಲ್ಲ.

ರಾಜ್ಯವೊಂದು ತಾನೇ ಇದನ್ನು ಸರಿಪಡಿಸಲು ಬರುವುದಿಲ್ಲ. ಕೇರಳ 2016ರಲ್ಲಿ ಬ್ರ್ಯಾಂಡೆಡ್ ಹೋಟೆಲುಗಳ ಬರ್ಗರ್, ಪಿಜ್ಜಾಗಳ ಮೇಲೆ ಶೇ 14.5 ‘ಕೊಬ್ಬು ತೆರಿಗೆ’ ಹಾಕಿತು. ಮರುವರ್ಷ ಜಿಎಸ್‌ಟಿ ಬಂದು ಅದು ಅಳಿಸಿಹೋಯಿತು. ಈಗ ದರ ತೀರ್ಮಾನವಾಗುವುದು ಜಿಎಸ್‌ಟಿ ಮಂಡಳಿಯಲ್ಲಿ ಮಾತ್ರ. ಇದರಿಂದ ಒಂದು ಅನುಕೂಲವೂ ಇದೆ. ಅಮೆರಿಕದ ಫಿಲಡೆಲ್ಫಿಯಾ ನಗರ 2017ರಲ್ಲಿ ಪಾನೀಯ ತೆರಿಗೆ ಹಾಕಿದಾಗ ಜನ ನಗರದ ಗಡಿ ದಾಟಿ ಹೋಗಿ ಕೊಂಡು ತಂದರು, ಮಾರಾಟದ ಇಳಿಕೆಯ ಒಂದು ಪಾಲು ಹಾಗೆ ಸೋರಿತು. ದೇಶಕ್ಕೆಲ್ಲ ಒಂದೇ ದರ ಇರುವಾಗ ಜಮಖಂಡಿಯವರು ಮಿರಜ್‌ಗೆ ಹೋಗಿ ಬಾಟಲಿ ತಂದರೂ ಉಳಿತಾಯವಿಲ್ಲ.

ಹತ್ತು ರೂಪಾಯಿಯ ಬಾಟಲಿ

ಕಬ್ಬಿನ ಹಂಗಾಮಿನಲ್ಲಿ ಕಾರ್ಖಾನೆಯ ಗೇಟಿನ ಮುಂದೆ ಟ್ರ್ಯಾಕ್ಟರುಗಳ ಸಾಲು ಹಗಲು ರಾತ್ರಿ ನಿಂತಿರುತ್ತದೆ. ತೂಕದ ಸರದಿ ಬರುವವರೆಗೆ ಚಾಲಕರಿಗೆ ಇರುವ ಆಸರೆ ರಸ್ತೆ ಬದಿಯ ಡಬ್ಬಿ ಅಂಗಡಿ. ಅಲ್ಲಿ ಚಹಾ, ಗುಟ್ಕಾ, ಬಿಸ್ಕತ್ತಿನ ಜೊತೆ ಈಗ ಫ್ರಿಜ್ಜೂ ಇದೆ. ಅದರಲ್ಲಿ ಹತ್ತು ರೂಪಾಯಿಯ ಕೋಲಾ, ಹತ್ತು ರೂಪಾಯಿಯ ಜೀರಾ ಸೋಡಾ, ಮಾವಿನ ಪೊಟ್ಟಣ, ಇಪ್ಪತ್ತು ರೂಪಾಯಿಯ ಎನರ್ಜಿ ಡ್ರಿಂಕ್. ತಂಪು ಪಾನೀಯ ಹಳ್ಳಿಗೆ ಇಳಿದ ಕಥೆ ಈ ಸಣ್ಣ ಬಾಟಲಿಯ ಕಥೆಯೇ. 2003ರ ಸುಮಾರಿಗೆ ಕೋಕಾ-ಕೋಲಾ 200 ಮಿಲಿ ಬಾಟಲಿಯನ್ನು ಐದು ರೂಪಾಯಿಗೆ ಇಳಿಸಿ ಊರೂರಿಗೆ ಮುಟ್ಟಿಸಿತು. 2023ರಲ್ಲಿ ರಿಲಯನ್ಸ್ ಹಳೆಯ ಕ್ಯಾಂಪಾ ಹೆಸರನ್ನು ಮರಳಿ ತಂದು 200 ಮಿಲಿಯನ್ನು ಹತ್ತು ರೂಪಾಯಿಗೆ ಮಾರತೊಡಗಿದ ಮೇಲೆ ಪೈಪೋಟಿ ಮತ್ತೆ ಆ ಬೆಲೆಯ ಸುತ್ತಲೇ ನಡೆಯಿತು.

ಹತ್ತು ರೂಪಾಯಿಯ ಬಾಟಲಿಯನ್ನು ಬಿಚ್ಚಿ ನೋಡಿದರೆ, ತೆರಿಗೆಗೆ ಮುಂಚಿನ ಬೆಲೆ 7 ರೂಪಾಯಿ 14 ಪೈಸೆ, ಅದರ ಮೇಲಿನ ಶೇ 40 ತೆರಿಗೆ 2 ರೂಪಾಯಿ 86 ಪೈಸೆ. ಒಳಗೆ ಸುಮಾರು 21 ಗ್ರಾಂ ಸಕ್ಕರೆ. ಅಷ್ಟೇ ಪಾನೀಯ ಹೆಸರುವಾಸಿ ಕಂಪನಿಯ ಇಪ್ಪತ್ತು ರೂಪಾಯಿಯ ಬಾಟಲಿಯಲ್ಲಿ ಬಂದರೆ ಸಕ್ಕರೆ ಅಷ್ಟೇ, ತೆರಿಗೆ ಮಾತ್ರ 5 ರೂಪಾಯಿ 71 ಪೈಸೆ. ಬೆಲೆಯ ಮೇಲೆ ಶೇಕಡಾವಾರು ಹಾಕಿದ ತೆರಿಗೆಯ ಮೂಲ ದೋಷ ಇಲ್ಲಿದೆ: ಕಂಪನಿ ಬೆಲೆ ಇಳಿಸಿದಂತೆಲ್ಲ ತೆರಿಗೆಯೂ ತಾನಾಗಿ ಇಳಿಯುತ್ತದೆ, ಅಗ್ಗದ ಸಕ್ಕರೆ ಇನ್ನಷ್ಟು ಅಗ್ಗವಾಗುತ್ತದೆ. ಶೇ 40 ಎಂಬ ದೊಡ್ಡ ಸಂಖ್ಯೆಯ ಅಡಿಯಲ್ಲಿಯೇ ಹತ್ತು ರೂಪಾಯಿಯ ಬಾಟಲಿ ಹಳ್ಳಿ ಹಳ್ಳಿಗೆ ಹೋಯಿತು. ತೆರಿಗೆ ಗ್ರಾಂ ಸಕ್ಕರೆಯ ಮೇಲೆ ಇದ್ದಿದ್ದರೆ ಆ ದಾರಿ ಅಷ್ಟು ಸಲೀಸಾಗುತ್ತಿರಲಿಲ್ಲ. ಬಸ್ ನಿಲ್ದಾಣದಲ್ಲಿ ಕೈಯಲ್ಲಿ ಹತ್ತು ರೂಪಾಯಿ ಹಿಡಿದು ಬಾಯಾರಿ ನಿಂತ ಹುಡುಗನಿಗೆ ಅರ್ಧ ಲೀಟರ್ ನೀರು, 200 ಮಿಲಿ ಕೋಲಾ ಎರಡೂ ಹೆಚ್ಚುಕಡಿಮೆ ಒಂದೇ ಬೆಲೆಗೆ ಸಿಗುತ್ತಿರುವಾಗ ಅವನು ಯಾವುದಕ್ಕೆ ಕೈ ಚಾಚುತ್ತಾನೆ ಎಂದು ಊಹಿಸುವುದು ಕಷ್ಟವಲ್ಲ.

ಹೊರದೇಶಗಳ ಅನುಭವ

ಮೆಕ್ಸಿಕೊ 2014ರ ಜನವರಿ 1ರಿಂದ ಲೀಟರಿಗೆ ಒಂದು ಪೆಸೊ, ಎಂದರೆ ಬೆಲೆಯ ಸುಮಾರು ಹತ್ತನೇ ಒಂದು ಪಾಲು ತೆರಿಗೆ ಹಾಕಿತು. ಮೊದಲ ವರ್ಷ ಕೊಳ್ಳುವಿಕೆ ಸರಾಸರಿ ಶೇ 6ರಷ್ಟು, ಎರಡನೆಯ ವರ್ಷ ಶೇ 10ರ ಹತ್ತಿರ ಇಳಿಯಿತು. ಬಡ ಮನೆಗಳಲ್ಲಿ ಇಳಿಕೆ ಎಲ್ಲರಿಗಿಂತ ಹೆಚ್ಚು. ಅಮೆರಿಕದ ಬರ್ಕ್ಲಿಯಲ್ಲಿ 2015ರಲ್ಲಿ ತೆರಿಗೆ ಬಂದ ಮೇಲೆ ಬಡವರ ಬಡಾವಣೆಗಳಲ್ಲಿ ಕುಡಿಯುವುದು ಐದನೇ ಒಂದು ಪಾಲು ಕಡಿಮೆಯಾಯಿತು. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2022ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ ಮಾರಾಟದ ಸರಾಸರಿ ಇಳಿಕೆ ಶೇ 15 ಎಂದಿತು. ತೆರಿಗೆ ಹಾಕಿದರೆ ಜನ ಕಡಿಮೆ ಕೊಳ್ಳುತ್ತಾರೆ ಎಂಬುದರಲ್ಲಿ ಈಗ ಅನುಮಾನ ಉಳಿದಿಲ್ಲ.

ಬ್ರಿಟನ್ನಿನ ದಾರಿ ಬೇರೆ. 2016ರ ಮಾರ್ಚ್‌ನಲ್ಲಿ ಘೋಷಿಸಿ 2018ರ ಏಪ್ರಿಲ್‌ನಲ್ಲಿ ಜಾರಿಗೆ ತಂದ ಅಲ್ಲಿಯ ತೆರಿಗೆ ಮೆಟ್ಟಿಲುಗಳಿರುವಂಥದು. ಜಾರಿಗೆ ಬಂದಾಗ 100 ಮಿಲಿಗೆ 5 ಗ್ರಾಂಗಿಂತ ಕಡಿಮೆ ಸಕ್ಕರೆ ಇದ್ದರೆ ಏನೂ ಇರಲಿಲ್ಲ, 5ರಿಂದ 8ರವರೆಗೆ ಲೀಟರಿಗೆ 18 ಪೆನ್ಸ್, 8 ಮುಟ್ಟಿದರೆ 24 ಪೆನ್ಸ್ ಇತ್ತು. ಎರಡು ವರ್ಷದ ಕಾಲಾವಕಾಶ ಸಿಕ್ಕಿದ ಹಲವು ಕಂಪನಿಗಳು ತೆರಿಗೆ ಬರುವ ಮೊದಲೇ ಪಾನೀಯದ ಪಾಕವನ್ನು ಬದಲಿಸಿ 5 ಗ್ರಾಂನ ಕೆಳಗೆ ಇಳಿದವು. ಜನ ಕೊಂಡ ಪಾನೀಯದ ಪ್ರಮಾಣ ಹಾಗೆಯೇ ಉಳಿಯಿತು, ಅದರೊಳಗಿನ ಸಕ್ಕರೆ ಇಳಿಯಿತು. ಕುಡಿಯುವವನನ್ನು ಶಿಕ್ಷಿಸದೆ ಸಕ್ಕರೆ ತಗ್ಗಿಸಿದ ಈ ವಿಧಾನ ನನ್ನ ಎಣಿಕೆಯಲ್ಲಿ ಈವರೆಗಿನ ಅತ್ಯುತ್ತಮ ಮಾದರಿ.

ಕಬ್ಬಿನ ಸೀಮೆಯವರು ಗಮನಿಸಬೇಕಾದದ್ದು ದಕ್ಷಿಣ ಆಫ್ರಿಕ, ಥಾಯ್ಲೆಂಡ್, ಫಿಲಿಪ್ಪೀನ್ಸ್‌ಗಳನ್ನು. ಮೂರೂ ಕಬ್ಬು ಬೆಳೆಯುವ ದೇಶಗಳೇ. ದಕ್ಷಿಣ ಆಫ್ರಿಕದಲ್ಲಿ ಸಕ್ಕರೆ ಉದ್ಯಮದ ವಿರೋಧದ ನಡುವೆ ಮೂಲ ಪ್ರಸ್ತಾಪದ ಶೇ 20 ಅರ್ಧಕ್ಕೆ ಇಳಿಯಿತು. ಆದರೂ 2018ರ ಏಪ್ರಿಲ್‌ನಲ್ಲಿ 100 ಮಿಲಿಗೆ 4 ಗ್ರಾಂ ದಾಟಿದ ಪ್ರತಿ ಗ್ರಾಂ ಸಕ್ಕರೆಗೆ 2.1 ಸೆಂಟ್ ಎಂಬ ತೆರಿಗೆ ಬಂದೇ ಬಂತು. ನಗರಗಳ ಮನೆಗಳು ಈ ಪಾನೀಯಗಳಿಂದ ಪಡೆಯುತ್ತಿದ್ದ ಸಕ್ಕರೆ ಮೂರನೇ ಒಂದು ಪಾಲು ಕಡಿಮೆಯಾಯಿತು. ಥಾಯ್ಲೆಂಡ್ 2017ರ ಸೆಪ್ಟೆಂಬರ್‌ನಲ್ಲಿ ಸಕ್ಕರೆಯ ಪ್ರಮಾಣಕ್ಕೆ ತಕ್ಕಂತೆ ಏರುವ ಸುಂಕ ತಂದಿತು. ಫಿಲಿಪ್ಪೀನ್ಸ್ 2018ರಲ್ಲಿ ಲೀಟರಿಗೆ 6 ಪೆಸೊ ಹಾಕಿ, ಮೆಕ್ಕೆಜೋಳದ ಫ್ರಕ್ಟೋಸ್ ಪಾಕ ಬಳಸಿದ ಪಾನೀಯಕ್ಕೆ 12 ಪೆಸೊ ಇಟ್ಟಿತು. ಆರೋಗ್ಯಕ್ಕೆ ಎರಡೂ ಒಂದೇ. ಹೊರಗಿನ ಮೆಕ್ಕೆಜೋಳದ ಪಾಕಕ್ಕೆ ಎರಡು ಪಟ್ಟು ಹಾಕಿದ್ದು ತನ್ನ ಕಬ್ಬು ಬೆಳೆಗಾರನನ್ನು ಕಾಯಲಿಕ್ಕೆ. ರೈತನನ್ನು ಎದುರು ಹಾಕಿಕೊಳ್ಳದೆ ಇಂಥ ತೆರಿಗೆ ತರಬಹುದೆಂಬುದಕ್ಕೆ ಇದೊಂದು ಸಾಕ್ಷಿ.

ತೂಕ ಇಳಿಯುತ್ತದೆಯೇ

ಕೊಳ್ಳುವುದು ಇಳಿದ ಮಾತ್ರಕ್ಕೆ ಬೊಜ್ಜು ಇಳಿಯಿತೆಂದು ಹೇಳಲಾಗದು. ಮೆಕ್ಸಿಕೊದಲ್ಲಿ ವಯಸ್ಕರ ಬೊಜ್ಜು ತೆರಿಗೆಯ ನಂತರವೂ ತಗ್ಗಲಿಲ್ಲ. ಬೆಲೆ ಹೆಚ್ಚು ಏರಿದ ನಗರಗಳ ಹದಿಹರೆಯದ ಹುಡುಗಿಯರಲ್ಲಿ ಮಾತ್ರ ಸ್ವಲ್ಪ ಇಳಿಕೆ ಕಂಡಿತು. ಇಂಗ್ಲೆಂಡಿನಲ್ಲಿ 2023ರ ಅಧ್ಯಯನವೊಂದು 10–11 ವರ್ಷದ ಹುಡುಗಿಯರ ಬೊಜ್ಜು, ತೆರಿಗೆ ಇಲ್ಲದಿದ್ದರೆ ಇರಬಹುದಾಗಿದ್ದ ಮಟ್ಟಕ್ಕಿಂತ ಶೇ 8 ಕಡಿಮೆ ಇದೆ ಎಂದು ತೋರಿಸಿತು. ಹುಡುಗರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ.

ಯಾಕೆ ಇಷ್ಟು ಸಣ್ಣ ಪರಿಣಾಮ ಎಂಬುದು ಲೆಕ್ಕ ಹಾಕಿದರೆ ತಿಳಿಯುತ್ತದೆ. ದಿನಕ್ಕೊಂದು 200 ಮಿಲಿ ಬಾಟಲಿ ಕುಡಿಯುವವನಿಗೆ ಅದರಿಂದ ಬರುವುದು 84 ಕಿಲೊಕ್ಯಾಲರಿ. ತೆರಿಗೆಯಿಂದ ಅವನು ಹತ್ತರಲ್ಲಿ ಒಂದು ಬಾಟಲಿ ಬಿಟ್ಟರೆ ದಿನಕ್ಕೆ ಸರಾಸರಿ 8 ಕಿಲೊಕ್ಯಾಲರಿ ಉಳಿಯಿತು. ದಿನಕ್ಕೆ 10 ಕಿಲೊಕ್ಯಾಲರಿಯ ಕಾಯಂ ಇಳಿಕೆಗೆ ಕೊನೆಗೆ ಅರ್ಧ ಕಿಲೊಗ್ರಾಂನಷ್ಟು ತೂಕ ಇಳಿಯುತ್ತದೆ, ಅದೂ ಪೂರ್ತಿಯಾಗಲು ಎರಡು ಮೂರು ವರ್ಷ ಬೇಕು ಎಂಬುದು ಶರೀರಶಾಸ್ತ್ರಜ್ಞರ ಅಂದಾಜು. ಹಾಗಾಗಿ ಅವನ ತೂಕದಲ್ಲಿ ಆಗುವ ವ್ಯತ್ಯಾಸ ನಾನೂರು ಗ್ರಾಂ. ಒಬ್ಬನ ಮೈಮೇಲೆ ಅದು ಕಾಣುವುದೂ ಇಲ್ಲ.

ಆದರೆ ಲಕ್ಷಾಂತರ ಜನರ ಮೇಲೆ ಹರಡಿದಾಗ ಅದೇ ನಾನೂರು ಗ್ರಾಂ ಗಡಿಯ ಮೇಲೆ ನಿಂತವರನ್ನು ಈಚೆಗೆ ಎಳೆಯುತ್ತದೆ. ಸಂಶೋಧಕ ಸಂಜಯ್ ಬಸು ಮತ್ತು ಸಂಗಡಿಗರು 2014ರಲ್ಲಿ ಭಾರತಕ್ಕೆಂದೇ ಒಂದು ಗಣಿತ ಮಾದರಿ ಕಟ್ಟಿದರು. ಸಕ್ಕರೆ ಪಾನೀಯದ ಮೇಲೆ ಶೇ 20 ತೆರಿಗೆ ಹಾಕಿದರೆ 2014ರಿಂದ 2023ರವರೆಗಿನ ಹತ್ತು ವರ್ಷದಲ್ಲಿ ಅಧಿಕ ತೂಕ ಮತ್ತು ಬೊಜ್ಜು ಶೇ 3ರಷ್ಟು, ಹೊಸ ಮಧುಮೇಹ ಶೇ 1.6ರಷ್ಟು ಕಡಿಮೆಯಾಗಬಹುದು, ಜನರ ಲೆಕ್ಕದಲ್ಲಿ 1.12 ಕೋಟಿ ಮಂದಿ ಅಧಿಕ ತೂಕ ಮತ್ತು ಬೊಜ್ಜಿನಿಂದ, 4 ಲಕ್ಷ ಮಂದಿ ಮಧುಮೇಹದಿಂದ ಪಾರಾಗಬಹುದು ಎಂದರು. ಹೆಚ್ಚಿನ ಲಾಭ ಯಾರಿಗೆ ಎಂದು ನೋಡಿದಾಗ ಸಿಕ್ಕ ಉತ್ತರ ಹಳ್ಳಿಯ ಯುವಕರು. ಕಾರ್ಖಾನೆಯ ಗೇಟಿನ ಮುಂದೆ ಟ್ರ್ಯಾಕ್ಟರ್ ನಿಲ್ಲಿಸಿಕೊಂಡು ಕೂತವರ ವಯಸ್ಸನ್ನು ನೋಡಿದವರಿಗೆ ಈ ಉತ್ತರ ಅಚ್ಚರಿ ತರದು. ಮಾದರಿಯ ಲೆಕ್ಕ ಮಾದರಿಯದೇ, ಕಣ್ಣಾರೆ ಕಂಡ ಫಲಿತಾಂಶವಲ್ಲ. ಆದರೂ ದಿಕ್ಕು ಸ್ಪಷ್ಟವಾಗಿದೆ.

ತೆರಿಗೆಗೆ ಸಿಗದ ಸಕ್ಕರೆ

ದೇಶದಲ್ಲಿ ವರ್ಷಕ್ಕೆ ಸುಮಾರು 2.8–2.9 ಕೋಟಿ ಟನ್ ಸಕ್ಕರೆ ಖರ್ಚಾಗುತ್ತದೆ. ತಲೆಗೆ 20 ಕಿಲೊಗ್ರಾಂ, ದಿನಕ್ಕೆ 55 ಗ್ರಾಂ. ಬೆಲ್ಲ ಇದರಲ್ಲಿ ಸೇರಿಲ್ಲ. ಬಾಟಲಿಯ ಪಾಲು ಇದರಲ್ಲಿ ಚಿಕ್ಕದು. ಈ ನಾಲ್ಕು ತಾಲ್ಲೂಕುಗಳ ದಿನಚರಿ ಗೊತ್ತಿರುವವರು ಉಳಿದದ್ದು ಎಲ್ಲಿ ಹೋಗುತ್ತದೆ ಎಂದು ಕೇಳಬೇಕಿಲ್ಲ.

ಮೊದಲನೆಯದು ಚಹಾ. ಚಿಕ್ಕ ಕಪ್ಪೇ ಆದರೂ ಎರಡು ಚಮಚ ಸಕ್ಕರೆ ಬಿದ್ದರೆ ಎಂಟು ಹತ್ತು ಗ್ರಾಂ. ಬಂದವರಿಗೆ ಚಹಾ ಕೊಡದೆ ಕಳಿಸುವುದು ಇಲ್ಲಿಯ ಮರ್ಯಾದೆಯಲ್ಲ, ಸಕ್ಕರೆ ಕಡಿಮೆ ಹಾಕಿ ಕೊಡುವುದೂ ಅಲ್ಲ. ‘ಡಾಕ್ಟ್ರು ಸಕ್ಕರಿ ಬಿಡು ಅಂದಾರ’ ಎಂದು ಹೇಳಿಕೊಂಡರೆ ಮಾತ್ರ ಬಿಡುಗಡೆ. ಮಗ್ಗದ ಮನೆಯಲ್ಲಿ ದಿನಕ್ಕೆ ಐದು ಕಪ್ ಕುಡಿಯುವ ನೇಕಾರನಿಗೆ ಬಾಟಲಿ ಮುಟ್ಟದೆಯೇ 40–50 ಗ್ರಾಂ ಸಕ್ಕರೆ ಸೇರುತ್ತದೆ. ಅದರ ಮೇಲಿನ ತೆರಿಗೆ ಸಾಮಾನ್ಯ ಸಕ್ಕರೆಯ ಶೇ 5 ಅಷ್ಟೇ. ಹಾಗೆಂದು ಚಹಾದ ಸಕ್ಕರೆಗೆ ತೆರಿಗೆ ಏರಿಸುವುದು ಅನ್ಯಾಯ. ಬಡವನ ಮನೆಯ ದಿನಬಳಕೆಯ ಪದಾರ್ಥವದು. ಅಲ್ಲಿ ಕೆಲಸ ಮಾಡಬೇಕಾದದ್ದು ಆಶಾ ಕಾರ್ಯಕರ್ತೆಯ ಮಾತು, ಆರೋಗ್ಯ ಕೇಂದ್ರದ ರಕ್ತಪರೀಕ್ಷೆ.

ಎರಡನೆಯದು ಕಬ್ಬಿನ ಹಾಲು. ಬೇಸಿಗೆಯಲ್ಲಿ ಗಾಣದ ಮುಂದೆ ನಿಂತು ಲಿಂಬೆ, ಶುಂಠಿ ಹಿಂಡಿಸಿಕೊಂಡು ಕುಡಿಯುವ ಒಂದು ದೊಡ್ಡ ಗ್ಲಾಸಿನಲ್ಲಿ 30 ಗ್ರಾಂನಷ್ಟು ಸಕ್ಕರೆ ಇರುತ್ತದೆ, ಕೋಲಾ ಬಾಟಲಿಗಿಂತ ಹೆಚ್ಚು. ‘ನಮ್ಮ ಹೊಲದ್ದು, ಕಲಬೆರಕೆ ಇಲ್ಲದ್ದು’ ಎಂಬುದು ನಿಜ, ಅದರಲ್ಲಿ ಕೋಲಾದಲ್ಲಿ ಇಲ್ಲದ ಕೆಲವು ಖನಿಜಗಳಿರುವುದೂ ನಿಜ. ಆದರೆ ಮೈಗೆ ಅದರ ಸಕ್ಕರೆಯೂ ಸಕ್ಕರೆಯೇ. ಬೆಲ್ಲದ ಚಹಾ ಕುಡಿದರೆ ಶುಗರ್ ಏರುವುದಿಲ್ಲ ಎಂಬ ನಂಬಿಕೆ ಮಧುಮೇಹಿಗಳಲ್ಲಿ ಹಬ್ಬಿದೆ. ಅದು ತಪ್ಪು, ಅಪಾಯಕಾರಿ ಕೂಡ. ರಸ್ತೆ ಬದಿಯ ಗಾಣಕ್ಕೆ ತೆರಿಗೆ ಹಾಕಿ ಎಂದು ಈ ಲೇಖಕ ಹೇಳುವುದಿಲ್ಲ. ಅದು ಬೇಸಿಗೆಯ ಕೆಲವು ವಾರಗಳ ಕುಡಿತ, ಕೂಲಿಯವನೊಬ್ಬನ ಸ್ವಂತ ದುಡಿಮೆ. ಜಾಹೀರಾತಿನ ಬಲದಿಂದ ವರ್ಷವಿಡೀ ಫ್ರಿಜ್ಜಿನಲ್ಲಿ ಕೂತಿರುವ ಸರಕಲ್ಲ.

ಕಬ್ಬು ಬೆಳೆಗಾರನಿಗೆ ಹೊಡೆತವೇ

ಇನ್ನು ಈ ಸೀಮೆಯ ದೊಡ್ಡ ಅಂಜಿಕೆ. 2025–26ರ ಹಂಗಾಮಿಗೆ ಕೇಂದ್ರ ನಿಗದಿ ಮಾಡಿದ ಕಬ್ಬಿನ ದರ, ಎಫ್‌ಆರ್‌ಪಿ, ಶೇ 10.25 ಸಕ್ಕರೆ ಇಳುವರಿಗೆ ಟನ್ನಿಗೆ 3,550 ರೂಪಾಯಿ. ಕಟಾವು, ಸಾಗಣೆ ಇದರಲ್ಲೇ ಹೋಗಬೇಕು. ಆ ಇಳುವರಿಯಲ್ಲಿ ಒಂದು ಟನ್ ಕಬ್ಬಿನಿಂದ 102.5 ಕಿಲೊಗ್ರಾಂ ಸಕ್ಕರೆ ಬರುತ್ತದೆ. 21 ಗ್ರಾಂನಂತೆ ಹಂಚಿದರೆ 4,880 ಬಾಟಲಿ. ಹತ್ತು ರೂಪಾಯಿಯ ಪ್ರತಿ ಬಾಟಲಿಯಲ್ಲಿ ಕಬ್ಬು ಬೆಳೆದವನ ಪಾಲು 73 ಪೈಸೆ. ಅದರಲ್ಲೂ ಕಡಿದವರ, ಸಾಗಿಸಿದವರ ಕೂಲಿ ಕಳೆಯಬೇಕು. ಸರ್ಕಾರದ ತೆರಿಗೆ ಅದರ ನಾಲ್ಕು ಪಟ್ಟಿನ ಹತ್ತಿರ. ಉಳಿದದ್ದು ಬಾಟಲಿ, ಸಾಗಣೆ, ಜಾಹೀರಾತು, ಅಂಗಡಿ, ಕಂಪನಿ.

ಕಬ್ಬು ಬೆಳೆಗಾರನ ಹಣೆಬರಹ ಬರೆಯುತ್ತಿರುವುದು ಬಾಟಲಿಯಲ್ಲ. ಸಕ್ಕರೆಯ ಕನಿಷ್ಠ ಮಾರಾಟ ಬೆಲೆಯನ್ನು ಕೇಂದ್ರ 2019ರ ಫೆಬ್ರವರಿಯಲ್ಲಿ ಕಿಲೊಗೆ 31 ರೂಪಾಯಿ ಎಂದು ಇಟ್ಟಿತು. 2025ರ ಹಂಗಾಮು ಆರಂಭವಾದಾಗಲೂ ಅದು ಅಷ್ಟೇ ಇತ್ತು, ಆ ನಡುವೆ ಎಫ್‌ಆರ್‌ಪಿ ಕ್ವಿಂಟಲಿಗೆ 275ರಿಂದ 355ಕ್ಕೆ ಏರಿತ್ತು. 2023ರ ಡಿಸೆಂಬರ್‌ನಲ್ಲಿ ಕಬ್ಬಿನ ರಸದಿಂದ ಎಥೆನಾಲ್ ಮಾಡುವುದಕ್ಕೆ ಕೇಂದ್ರ ತಡೆ ಹಾಕಿದಾಗ ಇಲ್ಲಿಯ ಕಾರ್ಖಾನೆಗಳ ಲೆಕ್ಕವೇ ತಲೆಕೆಳಗಾಯಿತು. ರಫ್ತಿನ ಪರವಾನಗಿ ಒಂದು ವರ್ಷ ಇದ್ದರೆ ಇನ್ನೊಂದು ವರ್ಷ ಇಲ್ಲ. 2025ರ ನವೆಂಬರ್‌ನಲ್ಲಿ ಕಟಾವು, ಸಾಗಣೆ ಕಳೆದು ಟನ್ನಿಗೆ 3,500 ರೂಪಾಯಿ ಕೇಳಿ ಬೆಳಗಾವಿ ಜಿಲ್ಲೆಯ ಗುರ್ಲಾಪುರದಲ್ಲಿ ಎದ್ದ ಹೋರಾಟ ಮುಧೋಳಕ್ಕೂ ಹಬ್ಬಿತು. ರಾಜ್ಯ ಸರ್ಕಾರ 3,300 ರೂಪಾಯಿ ಘೋಷಿಸಿದ ಮೇಲೂ ಇಲ್ಲಿ ಸಿಟ್ಟು ಆರಲಿಲ್ಲ. ನವೆಂಬರ್ 13ರಂದು ಸಮೀರವಾಡಿಯಲ್ಲಿ ಕಬ್ಬು ತುಂಬಿ ನಿಂತಿದ್ದ ಟ್ರ್ಯಾಕ್ಟರ್ ಟ್ರೇಲರುಗಳು ಬೆಂಕಿಗೆ ಸಿಕ್ಕಿದವು. ಇಷ್ಟೆಲ್ಲದರಲ್ಲಿ ತಂಪು ಪಾನೀಯದ ತೆರಿಗೆಯ ಮಾತು ಎಲ್ಲಿಯೂ ಇರಲಿಲ್ಲ, ಇರಬೇಕಾದ ಕಾರಣವೂ ಇರಲಿಲ್ಲ. ಕಬ್ಬಿನ ರೈತನ ಹೆಸರು ಹೇಳಿಕೊಂಡು ಯಾರಾದರೂ ಈ ತೆರಿಗೆಯನ್ನು ವಿರೋಧಿಸಿದರೆ, ಆ 73 ಪೈಸೆಯನ್ನು ಒಂದು ರೂಪಾಯಿ ಮಾಡಲು ಅವರು ಏನು ಮಾಡಿದ್ದಾರೆ ಎಂದು ಕೇಳುವ ಹಕ್ಕು ಇಲ್ಲಿಯ ರೈತನಿಗಿದೆ.

ತೆರಿಗೆಯ ಹಣ, ಮುಂದಿನ ದಾರಿ

ಜಿಎಸ್‌ಟಿಯಲ್ಲಿ ರಾಜ್ಯದ ಪಾಲು ಸರಕು ಖರ್ಚಾದ ರಾಜ್ಯಕ್ಕೆ ಸೇರುತ್ತದೆ. ಶೇ 40ರಲ್ಲಿ ಅರ್ಧ ಕೇಂದ್ರಕ್ಕೆ, ಅರ್ಧ ರಾಜ್ಯಕ್ಕೆ. ಬನಹಟ್ಟಿಯಲ್ಲಿ ಮಾರಾಟವಾದ ಹತ್ತು ರೂಪಾಯಿಯ ಬಾಟಲಿಯಿಂದ 1 ರೂಪಾಯಿ 43 ಪೈಸೆ ನೇರವಾಗಿ ಬೆಂಗಳೂರಿನ ಖಜಾನೆಗೆ ಹೋಗುತ್ತದೆ. ಮುಂಚೆ ಸೆಸ್ ರೂಪದಲ್ಲಿದ್ದ ಪಾಲೂ ಈಗ ತೆರಿಗೆಯೇ ಆಗಿರುವುದರಿಂದ ರಾಜ್ಯಕ್ಕೆ ಬರುವ ಭಾಗ ಹೆಚ್ಚಿದೆ. ಫಿಲಡೆಲ್ಫಿಯಾ ತನ್ನ ತೆರಿಗೆಯ ಹಣದಿಂದ ಪುಟ್ಟ ಮಕ್ಕಳ ಶಾಲೆಗಳನ್ನು ನಡೆಸಿತು. ಮೆಕ್ಸಿಕೊ ಶಾಲೆಗಳಲ್ಲಿ ಕುಡಿಯುವ ನೀರಿನ ವ್ಯವಸ್ಥೆ ಮಾಡುವ ಮಾತು ಕೊಟ್ಟಿತು. ಕರ್ನಾಟಕ ಆ 1 ರೂಪಾಯಿ 43 ಪೈಸೆಯನ್ನು ಗುರುತಿಟ್ಟು ಖರ್ಚು ಮಾಡಲು ದೆಹಲಿಯ ಒಪ್ಪಿಗೆ ಬೇಕಿಲ್ಲ. ಹಳ್ಳಿಗಳ ಶುದ್ಧ ನೀರಿನ ಘಟಕಗಳು ಕೆಟ್ಟು ನಿಂತಾಗ ದುರಸ್ತಿ, ಶಾಲೆಯ ಅಂಗಳದಲ್ಲಿ ತಣ್ಣನೆಯ ನೀರಿನ ನಲ್ಲಿ, ಬಸ್ ನಿಲ್ದಾಣದಲ್ಲಿ ಪುಕ್ಕಟೆ ನೀರು. ಬಾಟಲಿಗೆ ಬದಲಿ ಕೈಗೆ ಸಿಗುವಂತಿರಬೇಕು.

ಶಾಲೆಯಿಂದ 50 ಮೀಟರ್ ಒಳಗೆ ಸಕ್ಕರೆ, ಉಪ್ಪು, ಕೊಬ್ಬು ಹೆಚ್ಚಿರುವ ಆಹಾರ ಮಾರಬಾರದೆಂಬ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ 2020ರಿಂದಲೇ ಇದೆ. ಕೇಂದ್ರೀಯ ಪಠ್ಯಕ್ರಮದ ಶಾಲೆಗಳು ಸಕ್ಕರೆಯ ಅತಿಬಳಕೆಯ ಅಪಾಯ ತಿಳಿಸುವ ‘ಸಕ್ಕರೆ ಫಲಕ’ ತೂಗುಹಾಕಬೇಕೆಂದು ಸಿಬಿಎಸ್‌ಇ 2025ರಲ್ಲಿ ಹೇಳಿತು. ಈ ತಾಲ್ಲೂಕುಗಳ ಹೆಚ್ಚಿನ ಮಕ್ಕಳು ಓದುವುದು ರಾಜ್ಯ ಪಠ್ಯಕ್ರಮದ ಕನ್ನಡ ಶಾಲೆಗಳಲ್ಲಿ. ಆ ಫಲಕ ಮೊದಲು ಬರಬೇಕಾದದ್ದು ಅಲ್ಲಿ. ವಿಶ್ವ ಆರೋಗ್ಯ ಸಂಸ್ಥೆ 2025ರ ಜುಲೈನಲ್ಲಿ, 2035ರೊಳಗೆ ತಂಬಾಕು, ಮದ್ಯ, ಸಕ್ಕರೆ ಪಾನೀಯಗಳ ಬೆಲೆಯನ್ನು ತೆರಿಗೆಯ ಮೂಲಕ ಕನಿಷ್ಠ ಶೇ 50 ಏರಿಸಲು ದೇಶಗಳಿಗೆ ಕರೆ ಕೊಟ್ಟಿದೆ. ಭಾರತ ದರ ಏರಿಸುವುದಕ್ಕಿಂತ ಮೊದಲು ತೆರಿಗೆಯ ಬುನಾದಿಯನ್ನು ಬದಲಿಸಬೇಕು. ಜಿಎಸ್‌ಟಿ ಮಂಡಳಿಯಲ್ಲಿ ಕರ್ನಾಟಕದ ಸಚಿವರು ಮಂಡಿಸಬಹುದಾದ ಪ್ರಸ್ತಾಪ ಸರಳ: ಗುಳ್ಳೆ ಇದೆಯೋ ಇಲ್ಲವೋ ಎಂಬ ಭೇದ ಬಿಟ್ಟು 100 ಮಿಲಿಗೆ ಇರುವ ಗ್ರಾಂ ಸಕ್ಕರೆಯ ಮೇಲೆ ಮೆಟ್ಟಿಲು ದರ, ಮಾವಿನ ಪಾನೀಯವೂ ಅದರೊಳಗೆ, ಪಾಕ ಬದಲಿಸಿಕೊಳ್ಳಲು ಕಂಪನಿಗಳಿಗೆ ಎರಡು ವರ್ಷ, ಗಾಣದ ಕಬ್ಬಿನ ಹಾಲಿಗೆ ವಿನಾಯಿತಿ.